ನನ್ನ ಜೊತೆ ಇಂಗ್ಲೆಂಡಿಗೆ ಬಂದ ಹಿಡಿ ಮಣ್ಣು

ರಾಜಾಜಿನಗರ, ಹೊರಡುವ ಮುನ್ನ

ಪರದೇಶಕ್ಕೆ ಹೋಗುವವರು ಉಪ್ಪಿನಕಾಯಿ, ಚಟ್ನಿಪುಡಿ, ಉಣ್ಣೆಯ ಸ್ವೆಟರು ಕಟ್ಟಿಕೊಂಡು ಹೋಗುತ್ತಾರೆ. ನಾನು ಅವುಗಳ ಜೊತೆಗೆ ಒಂದು ಹಿಡಿ ಮಣ್ಣನ್ನೂ ಕಟ್ಟಿಕೊಂಡು ಹೋದೆ. ಅದು ತಾಯ್ನಾಡಿನ ಮೇಲಿನ ಪ್ರೀತಿ ಎಂದು ಯಾರೂ ತಿಳಿಯಬಾರದು. ಅದು ಸೈಟಿನ ವ್ಯವಹಾರ.

ನನ್ನದು ರಾಜಾಜಿನಗರದಲ್ಲಿ ಪ್ಲೇಟಿಂಗ್ ಕಾರ್ಖಾನೆ. ಸೈಕಲ್ಲಿನ ಹ್ಯಾಂಡಲ್ಲು, ಬಸ್ಸಿನೊಳಗೆ ಹಿಡಿದುಕೊಳ್ಳುವ ಕಂಬಿ, ಬಚ್ಚಲಿನ ನಲ್ಲಿ, ಹೀಗೆ ಕಬ್ಬಿಣ ಹಿತ್ತಾಳೆಗೆ ನಿಕ್ಕಲ್ಲು ಮತ್ತು ಕ್ರೋಮಿನ ಹೊಳಪು ಕೊಡುವುದು ನಮ್ಮ ಕೆಲಸ. ಹಿಂದೆ ಇನ್ನೊಬ್ಬರ ಷೆಡ್ಡಿನಲ್ಲಿ ಪಾಲಿಷ್ ಚಕ್ರದ ಮುಂದೆ ನಿಂತು ಕೈ ಕಪ್ಪು ಮಾಡಿಕೊಂಡವನು ನಾನು. ಈಗ ಕಬ್ಬಿಣ ಮುಳುಗಿಸಿ ಹೊಳಪು ಹತ್ತಿಸುವ ತೊಟ್ಟಿಗಳು ನನ್ನವೇ ಇವೆ. ಇಂಗ್ಲೆಂಡಿನಲ್ಲಿ ಹಳೆಯ ಕಾರ್ಖಾನೆಗಳು ಮುಚ್ಚುತ್ತಿವೆ, ತಾನಾಗಿಯೇ ನಡೆಯುವ ಪ್ಲೇಟಿಂಗ್ ಯಂತ್ರಗಳು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತವೆ ಎಂದು ಕೇಳಿ ಹೊರಟಿದ್ದೆ.

ಆದರೆ ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ವಿಷಯ ಕುದಿಯುತ್ತಿತ್ತು. ನನ್ನ ಹೆಂಡತಿ ಗೌರಮ್ಮನೂ ಪಕ್ಕದ ರಸ್ತೆಯ ಲೀಲಾ ಟೀಚರೂ ಸೇರಿ ಒಂದು ಕಾರ್ ಷೆಡ್ಡಿನಲ್ಲಿ ಶಿಶುವಿಹಾರ ನಡೆಸುತ್ತಾರೆ. ಷೆಡ್ಡಿನ ಯಜಮಾನರಿಗೆ ಕಾರು ಇರಲಿಲ್ಲ, ಹಾಗಾಗಿ ಒಳಗೆ ಮಕ್ಕಳು ಇದ್ದರು. ಎಷ್ಟೋ ವರ್ಷ ಕಾದು ಅವರಿಗೆ ಕೊನೆಗೂ ಕಾರು ಬಂತು. "ಅಮ್ಮಾ, ಬೇಜಾರು ಮಾಡ್ಕೋಬೇಡಿ, ಗಾಡಿ ಬಿಸ್ಲಲ್ಲಿ ನಿಂತಿದೆ" ಎಂದು ಷೆಡ್ಡು ಬಿಡಲು ಹೇಳಿದರು. ಮಕ್ಕಳಿಗೆ ಜಾಗ ಬೇಕು. ಅದೂ ನಡೆದು ಬರುವಷ್ಟು ದೂರದಲ್ಲಿ ಬೇಕು.

ನಾನು ಹುಡುಕಿದೆ. ಮಾಗಡಿ ರಸ್ತೆಯ ಹಿಂದಿನ ಓಣಿಯಲ್ಲಿ ನಂಜಪ್ಪ ಎಂಬುವರ ಜಾಗ ಸಿಕ್ಕಿತು. ಅವರೂ ನಮ್ಮ ಕಸುಬಿನವರೇ. ಪ್ಲೇಟಿಂಗ್ ಷೆಡ್ಡು ನಡೆಸಿ, ನಷ್ಟವಾಗಿ ಮುಚ್ಚಿದ್ದರು. ತಗಡು ಬಿಚ್ಚಿ ಮಾರಿ ಬರೀ ನೆಲ ಉಳಿದಿತ್ತು. ಅಂಗಳ ವಿಶಾಲವಾಗಿತ್ತು. ಜಾರುಬಂಡೆ, ಉಯ್ಯಾಲೆ, ಮರಳಿನ ಗುಂಡಿ ಎಲ್ಲಾ ಎಲ್ಲಿ ಬರಬೇಕೆಂದು ಲೀಲಾ ಟೀಚರು ಅಲ್ಲೇ ಕಡ್ಡಿಯಲ್ಲಿ ಗೀರಿಟ್ಟರು. ನಾನು ಚೌಕಾಸಿಗೆ ಇಳಿದೆ.

"ಏನ್ರೀ ನಂಜಪ್ಪನೋರೇ, ಈ ರೇಟು ಹೇಳ್ತೀರಲ್ಲ, ಇಲ್ಲಿ ಒಂದು ಗರಿಕೆ ಹುಲ್ಲಾದ್ರೂ ಇದೆಯಾ? ಕತ್ತೆ ತಂದು ಕಟ್ಟಿದ್ರೂ ಉಪವಾಸ ಸಾಯುತ್ತೆ."

"ನಿಮ್ಮ ಶಿಶುವಿಹಾರದ ಮಕ್ಕಳೇನು ಹುಲ್ಲು ಮೇಯೋಕೆ ಬರ್ತಾವಾ ಸಾರ್?"

"ನೆರಳಿಲ್ಲ, ಗಿಡ ಇಲ್ಲ, ಬೋಳು ನೆಲ. ಬೋಳು ನೆಲಕ್ಕೆ ಬೋಳು ರೇಟು."

ಅಂತೂ ಹುಲ್ಲಿಲ್ಲದ ಒಂದೇ ಕಾರಣ ಹಿಡಿದು ಎಳೆದೆ, ಬೆಲೆ ಅರ್ಧಕ್ಕೆ ಬಂತು. ನಂಜಪ್ಪನವರು ಒಂದು ಷರತ್ತು ಹಾಕಿದರು. ಈ ಬೆಲೆಗೆ ಬೇಕೆಂದರೆ ತಿಂಗಳ ಕೊನೆಯ ಶುಕ್ರವಾರ ರಿಜಿಸ್ಟ್ರಿ ಆಗಿಬಿಡಬೇಕು. ಆ ಶುಕ್ರವಾರ ನಾನು ಇಂಗ್ಲೆಂಡಿನಲ್ಲಿರುತ್ತೇನೆ. ಆಗಲಿ, ಕೊಳ್ಳುವುದು ಗೌರಮ್ಮನ ಹೆಸರಿನಲ್ಲಿ, ಅವಳೇ ರುಜು ಹಾಕುತ್ತಾಳೆ ಎಂದೆ. ಮುಂಗಡ ಕೊಟ್ಟೆ.

ಸೈಟು ಎಂದ ಮೇಲೆ ನಮ್ಮ ಜೋಯಿಸರನ್ನು ಕೇಳದೆ ಗೌರಮ್ಮ ಒಂದು ಹೆಜ್ಜೆ ಇಡುವವಳಲ್ಲ. ಜೋಯಿಸರು ಹೇಳಿದರು: "ಮೊದ್ಲು ಆ ನೆಲ ಕೆದಕಿ ನವಧಾನ್ಯ ಬಿತ್ತಿ. ನೀರು ಹಾಕಿ. ಮೊಳಕೆ ಬಂದ್ಮೇಲೆ ನನ್ನ ಕರೀರಿ, ಆಮೇಲೆ ಮುಹೂರ್ತ."

"ಅಷ್ಟು ದಿವ್ಸ ಎಲ್ಲಿದೆ ಸ್ವಾಮಿ? ಟಿಕೆಟ್ ಬಂದುಬಿಟ್ಟಿದೆ. ಸ್ವಲ್ಪ ಕಡಿಮೇಲಿ ಆಗೋ ಶಾಸ್ತ್ರ ಯಾವುದೂ ಇಲ್ವಾ?"

"ನೀವು ದೇವರ ಹತ್ರಾನೂ ಚೌಕಾಸಿ ಮಾಡ್ತೀರಲ್ರೀ!" ಎಂದು ಜೋಯಿಸರು ನಕ್ಕರು. ನಾನು ಬಿಡಲಿಲ್ಲ. ಕೊನೆಗೆ ಅವರು ಇಳಿದು ಬಂದರು. ಆ ಜಾಗದ ಒಂದು ಹಿಡಿ ಮಣ್ಣನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ಯಜಮಾನ ತನ್ನ ಜೊತೆಯಲ್ಲೇ ಇಟ್ಟುಕೊಳ್ಳಲಿ, ಗುದ್ದಲಿಪೂಜೆಯ ದಿನ ಅಲ್ಲೇ ಹಾಕಲಿ ಎಂದರು. ಹಾಗೆ ಆ ಗಂಟು ನನ್ನ ಕೋಟಿನ ಜೇಬು ಸೇರಿತು.

ಲಂಡನ್ನಿನ ವಿಮಾನ ನಿಲ್ದಾಣ

ಸುಂಕದ ಕಟ್ಟೆಯಲ್ಲಿ ಬಿಳಿ ಮೀಸೆಯ ಅಧಿಕಾರಿಯೊಬ್ಬರು ನನ್ನ ಚಟ್ನಿಪುಡಿಯನ್ನು ಮೂಸಿ ಸೀನಿದರು. ಉಪ್ಪಿನಕಾಯಿಯನ್ನು ಗೌರವದಿಂದ ಪಕ್ಕಕ್ಕಿಟ್ಟರು. ಆಮೇಲೆ ಜೇಬಿನ ಗಂಟು ಬಿಚ್ಚಿಸಿದರು.

"ಇದೇನು?"

"ಮೈ ಸೈಟ್, ಸಾರ್" ಎಂದೆ.

ಅವರು ಮಣ್ಣನ್ನು ನೋಡಿದರು, ನನ್ನನ್ನು ನೋಡಿದರು. ಹೊರದೇಶದ ಮಣ್ಣನ್ನು ಒಳಗೆ ಬಿಡುವಂತಿಲ್ಲವಂತೆ. ಅದರಲ್ಲಿ ಹುಳ, ರೋಗ ಇರಬಹುದಂತೆ. ಇದರಲ್ಲಿ ಹುಳವೂ ಬದುಕುವುದಿಲ್ಲ ಸಾರ್, ಖಾತ್ರಿ ಎಂದೆ. ಹಿಂದೆ ನಿಂತವರು ಗೊಣಗದೆ ಕಾಯುತ್ತಿದ್ದರು. ನಮ್ಮ ಮೆಜೆಸ್ಟಿಕ್ಕಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನನ್ನ ಮಣ್ಣಿನ ಬಗ್ಗೆ ಹತ್ತು ಜನ ಅಭಿಪ್ರಾಯ ಕೊಟ್ಟಿರುತ್ತಿದ್ದರು. ಅಧಿಕಾರಿಗೂ ನನ್ನನ್ನು ಕಂಡು ಅಯ್ಯೋ ಎನಿಸಿರಬೇಕು. "ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲು ತಂದಿದ್ದೀರೇನು?" ಎಂದು ಅವರೇ ಒಂದು ಬಾಗಿಲು ತೋರಿಸಿದರು. ತೆರೆದ ಬಾಗಿಲನ್ನು ಬಿಡುವವನು ನಾನಲ್ಲ. "ಯೆಸ್ ಯೆಸ್, ಅದಕ್ಕೇ!" ಎಂದೆ. ಅವರು ಗಂಟನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಒಂದು ರಟ್ಟಿನ ಚೀಟಿ ತೂಗುಬಿಟ್ಟರು. ಪರೀಕ್ಷೆಗಾಗಿ ಮಾತ್ರ, ಬಿಚ್ಚಬಾರದು ಎಂದು ಅದರ ಮೇಲೆ ಬರೆದರು.

ಪ್ರಯಾಣಿಕರಿಗೆ ನನ್ನ ಸಲಹೆ: ಅಧಿಕಾರಿಯೇ ನಿಮಗೊಂದು ಉತ್ತರ ಹೇಳಿಕೊಟ್ಟರೆ ಅದನ್ನೇ ಕೊಡಿ, ಸ್ವಂತದ್ದು ಹುಡುಕಬೇಡಿ.

ಮಿಸೆಸ್ ಪಾಮರ್ ಅವರ ಮನೆ

ಯಂತ್ರದ ವ್ಯಾಪಾರಿ ಇದ್ದದ್ದು ಬರ್ಮಿಂಗ್‌ಹ್ಯಾಮಿನ ಹತ್ತಿರದ ಒಂದು ಕಾರ್ಖಾನೆಯ ಊರಿನಲ್ಲಿ. ಅಲ್ಲಿ ಮಿಸೆಸ್ ಪಾಮರ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ ನನಗೆ ಕೋಣೆ ಸಿಕ್ಕಿತು. ಇಂಗ್ಲೆಂಡಿಗೆ ಹೋದವರು ಅರಮನೆ ನೋಡುತ್ತಾರೆ, ಗಡಿಯಾರದ ಗೋಪುರ ನೋಡುತ್ತಾರೆ. ನಾನು ಹೋದಲ್ಲೆಲ್ಲ ನಲ್ಲಿಗಳನ್ನು ನೋಡಿದೆ. ಎಂಥ ಕ್ರೋಮು! ಮುಖ ನೋಡಿಕೊಂಡು ತಲೆ ಬಾಚಬಹುದು. ಆದರೆ ಬಿಸಿನೀರಿಗೆ ಒಂದು ಮೂತಿ, ತಣ್ಣೀರಿಗೆ ಇನ್ನೊಂದು ಮೂತಿ. ಎರಡನ್ನೂ ಬೆರೆಸಿ ಬಿಡುವ ಬುದ್ಧಿ ಇಷ್ಟು ದೊಡ್ಡ ಜನಕ್ಕೆ ಯಾಕೆ ಬರಲಿಲ್ಲವೋ! ಎಡಗೈ ಸುಟ್ಟುಕೊಂಡು, ಬಲಗೈ ಮರಗಟ್ಟಿಸಿಕೊಂಡು ಮುಖ ತೊಳೆಯಬೇಕು.

ಒಂದು ಬೆಳಿಗ್ಗೆ ಬಚ್ಚಲಿನ ನಲ್ಲಿಯ ಬುಡದಲ್ಲಿ ಕ್ರೋಮಿನ ಕೆಳಗೆ ನಿಕ್ಕಲ್ಲು ಎಷ್ಟು ದಪ್ಪ ಕೂತಿದೆ ಎಂದು ಉಗುರಿನಿಂದ ಕೆರೆದು ನೋಡುತ್ತಿದ್ದೆ. ಬಾಗಿಲು ಹಾಕಲು ಮರೆತಿದ್ದೆ. ನಲ್ಲಿ ಕೆಟ್ಟಿದೆ ಎಂದುಕೊಂಡ ಆ ತಾಯಿ ಪ್ಲಂಬರನ್ನು ಕರೆಸಿಬಿಟ್ಟರು. ಅವನು ಬಂದು ತಿರುಗಿಸಿ ನೋಡಿ, ಟೀ ಕುಡಿದು ಹೋದ. ನಾನು ತಪ್ಪು ತಿಳಿಯಬೇಡಿ ಎಂದು ಬೇಡಿಕೊಂಡೆ. ಅವರು "ಪರವಾಗಿಲ್ಲ, ಅವನೂ ಬಂದು ಬಹಳ ದಿನವಾಗಿತ್ತು" ಎಂದರು!

ಆ ಮನೆಯಲ್ಲಿ ನನಗೆ ತುಂಬ ಹಿಡಿಸಿದ್ದು ಅಡುಗೆಮನೆಯ ಕಿಟಕಿ. ಒಂದು ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ಸಾಸಿವೆಯಂಥ ಸಣ್ಣ ಬೀಜ ಚೆಲ್ಲಿಟ್ಟಿದ್ದರು. ಎಳೆ ಹಸಿರು ಮೊಳಕೆ ಎದ್ದು ನಿಂತಿತ್ತು. ಅದನ್ನು ಕತ್ತರಿಯಲ್ಲಿ ಕತ್ತರಿಸಿ, ಮೊಟ್ಟೆಯ ಜೊತೆ ಬ್ರೆಡ್ಡಿನ ನಡುವೆ ಇಟ್ಟು ತಿನ್ನುತ್ತಾರೆ. ನಾವು ಮದುವೆಯಲ್ಲಿ ಮಡಕೆಯಲ್ಲಿ ಧಾನ್ಯ ಬಿತ್ತಿ ಅಂಕುರ ಮಾಡುತ್ತೇವಲ್ಲ, ಥೇಟ್ ಹಾಗೆಯೇ. ನಾವು ಕೈಮುಗಿಯುತ್ತೇವೆ, ಇವರು ತಿಂದುಬಿಡುತ್ತಾರೆ, ಅಷ್ಟೇ ವ್ಯತ್ಯಾಸ.

ಹ್ಯಾರಿಯ ಗೋಡೌನು

ಯಂತ್ರದ ವ್ಯಾಪಾರಿಯ ಹೆಸರು ಹ್ಯಾರಿ. ಕೆಂಪು ಮುಖ, ಬಾಯಲ್ಲಿ ಪೈಪು. ಯಂತ್ರ ನೋಡಿದೊಡನೆ ನನ್ನ ಎದೆ ಹೊಡೆದುಕೊಂಡಿತು. ಸಾಲಾಗಿ ತೊಟ್ಟಿಗಳು, ಮೇಲೆ ಸರಪಳಿ. ಹ್ಯಾಂಡಲ್ಲುಗಳು ತಾವಾಗಿಯೇ ಮುಳುಗಿ, ಎದ್ದು, ಮುಂದಿನ ತೊಟ್ಟಿಗೆ ಹೋಗಿ ಮತ್ತೆ ಮುಳುಗುತ್ತವೆ. ಕಲ್ಯಾಣಿಯಲ್ಲಿ ಮೀಯುವವರ ಹಾಗೆ! ಆದರೆ ಸಂತೋಷವನ್ನು ಮುಖದಲ್ಲಿ ತೋರಿಸಿದರೆ ಬೆಲೆ ಏರುತ್ತದೆ. ನಾನು ಮುಖ ಹುಳಿ ಮಾಡಿಕೊಂಡು ಸರಪಳಿಯ ತುಕ್ಕನ್ನು ನೋಡಿದೆ. ಬೆಲೆ ಕೇಳಿದೆ. "ಬಹಳ ಆಯಿತು" ಎಂದು, ಚಿಕ್ಕಪೇಟೆಯಲ್ಲಿ ಮಾಡುವಂತೆ, ತಿರುಗಿ ಹೊರಗೆ ನಡೆದೆ.

ಚಿಕ್ಕಪೇಟೆಯಲ್ಲಿ ಮೂರನೇ ಹೆಜ್ಜೆಗೆ "ಬನ್ನಿ ಸಾರ್, ಬನ್ನಿ, ಕೊನೇ ಮಾತು ಹೇಳ್ಬಿಡಿ" ಎಂದು ಕೂಗು ಬರುತ್ತದೆ. ಇಲ್ಲಿ ಬಾಗಿಲು ದಾಟಿದೆ, ಗೇಟು ದಾಟಿದೆ, ರಸ್ತೆಗೆ ಬಂದೆ, ಯಾರೂ ಕೂಗಲಿಲ್ಲ. ಹ್ಯಾರಿ ನನಗೆ ಯಂತ್ರ ಬೇಡವೆಂದೇ ನಂಬಿಬಿಟ್ಟಿದ್ದ! ಬೇಡ ಎಂದರೆ ಬೇಡ ಎಂದೇ ಅರ್ಥ ಮಾಡಿಕೊಳ್ಳುವ ಜನರ ಜೊತೆ ವ್ಯಾಪಾರ ಮಾಡುವುದು ಹೇಗೆ ಹೇಳಿ? ಮಳೆ ಬೇರೆ ಹನಿಯುತ್ತಿತ್ತು. ನನ್ನ ಕೊಡೆ ಒಳಗೇ ಇತ್ತು. ತಕ್ಷಣ ವಾಪಸ್ಸು ಹೋದರೆ ಮರ್ಯಾದೆ ಹೋಗುತ್ತದೆ. ಸ್ವಲ್ಪ ಹೊತ್ತು ಕಳೆಯಲಿ ಎಂದು ರಸ್ತೆಯಾಚೆಯ ತಗಡಿನ ಬೇಲಿಯ ಸಂದಿನಲ್ಲಿ ಇಣುಕಿದೆ. ಆ ಇಣುಕುವಿಕೆಯೇ ನನ್ನ ಇಡೀ ಪ್ರವಾಸವಾಯಿತು.

ತಗಡಿನ ಬೇಲಿಯ ಆಚೆ

ಒಳಗೆ ದೊಡ್ಡ ಮೈದಾನ. ಯಂತ್ರಗಳು ನೆಲ ಅಗೆದು ಲಾರಿಗೆ ತುಂಬುತ್ತಿದ್ದವು. ಇನ್ನೊಂದು ಕಡೆಯಿಂದ ಬೇರೆ ಲಾರಿಗಳು ಮಣ್ಣು ತಂದು ಸುರಿಯುತ್ತಿದ್ದವು. ಒಯ್ಯುವುದೂ ಮಣ್ಣನ್ನೇ, ತರುವುದೂ ಮಣ್ಣನ್ನೇ! ಇದೆಂಥ ಗುತ್ತಿಗೆ? ಎರಡು ಕಡೆಯಿಂದಲೂ ಬಿಲ್ಲು ಮಾಡುವ ಉಪಾಯ ಎಂದುಕೊಂಡೆ. ಗೇಟಿನಲ್ಲಿ ಉದ್ದ ರಬ್ಬರ್ ಬೂಟು ಹಾಕಿದ್ದ ಒಬ್ಬ ಹೆಂಗಸು ನಿಂತಿದ್ದರು. ಕೇಳಿಯೇಬಿಟ್ಟೆ.

"ಪಾಯ ತೆಗೀತಿದ್ದೀರಾ ಮೇಡಂ?"

"ಇಲ್ಲ, ನೆಲ ತೊಳೆಯುತ್ತಿದ್ದೇವೆ" ಎಂದರು. ಅವರ ಹೆಸರು ಮಾರ್ಗರೆಟ್. ಊರಿನ ಪುರಸಭೆಯಲ್ಲಿ ಹಾಳುಬಿದ್ದ ಜಾಗಗಳನ್ನು ಸರಿಮಾಡುವ ವಿಭಾಗದವರು. ಇಲ್ಲಿ ಮೊದಲು ಪ್ಲೇಟಿಂಗ್ ಕಾರ್ಖಾನೆಯೂ ಅದರ ಹಿಂದೆ ಗ್ಯಾಸ್ ತಯಾರಿಸುವ ಮನೆಯೂ ಇದ್ದವಂತೆ. ಎಷ್ಟೋ ವರ್ಷ ತೊಟ್ಟಿಯ ನೀರೆಲ್ಲ ನೆಲಕ್ಕಿಳಿದು ಮಣ್ಣೇ ವಿಷವಾಗಿತ್ತು. ಈಗ ಅದನ್ನು ತೆಗೆದು, ಜೇಡಿಮಣ್ಣು ಹಾಸಿದ ಹಳ್ಳದಲ್ಲಿ ಮುಚ್ಚಿ, ಇಲ್ಲಿ ಹೊಸ ಮಣ್ಣು ತುಂಬುತ್ತಾರೆ. ಆಮೇಲೆ ಇಲ್ಲಿ ಶಾಲೆಯ ಆಟದ ಬಯಲು ಬರುತ್ತದೆ.

"ದುಡ್ಡು ಯಾರದ್ದು? ಕಾರ್ಖಾನೆಯವರದ್ದಾ?"

"ಅವರು ಮುಚ್ಚಿಕೊಂಡು ಹೋಗಿ ಬಹಳ ಕಾಲವಾಯಿತು. ಹಿಡಿಯೋಣವೆಂದರೆ ಸಿಗುವುದಿಲ್ಲ. ಸರ್ಕಾರದ್ದು."

ಸರ್ಕಾರ ಮಣ್ಣು ತೊಳೆಯಲು ದುಡ್ಡು ಕೊಡುತ್ತದೆ! ನನಗೆ ಮಳೆ ಮರೆತುಹೋಯಿತು. ನಮ್ಮಲ್ಲಿ ಸರ್ಕಾರ ರಸ್ತೆಗೆ ಕೊಡುತ್ತದೆ, ನಲ್ಲಿಗೆ ಕೊಡುತ್ತದೆ, ಮೋರಿಗೆ ಕೊಟ್ಟರೂ ಕೊಟ್ಟೀತು. ನೆಲಕ್ಕೆ ಸ್ನಾನ ಮಾಡಿಸಲು ಕೊಡುತ್ತದೆಂದು ಎಲ್ಲಾದರೂ ಕೇಳಿದ್ದೀರಾ? ನಾನು ಒಂದರ ಮೇಲೊಂದು ಪ್ರಶ್ನೆ ಹಾಕಿದೆ. ಆಕೆ ಬೇಸರಿಸದೆ ಹೇಳಿದರು. ಪುರಸಭೆಯವರು ಯೋಜನೆ ಮಾಡಿ ಮೇಲಿನ ಸರ್ಕಾರಕ್ಕೆ ಕಳಿಸುತ್ತಾರೆ. ಖರ್ಚಿನ ದೊಡ್ಡ ಪಾಲು ಮೇಲಿನಿಂದ ಬರುತ್ತದೆ, ಉಳಿದದ್ದು ಊರಿನದು.

ಇಲ್ಲಿ ನನ್ನೊಳಗಿನ ವ್ಯಾಪಾರಿ ಎದ್ದು ಕೂತ. "ಸರಿ ಮೇಡಂ. ತೊಳೆದ ಮೇಲೆ ಜಾಗದ ಬೆಲೆ ಏರುತ್ತಲ್ಲ, ಆ ಲಾಭ ಯಾರ ಜೇಬಿಗೆ?"

ಮಾರ್ಗರೆಟ್ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದರು. "ಒಳ್ಳೆ ಪ್ರಶ್ನೆ. ಮೊದಲು ಪುರಸಭೆಯೇ ಜಾಗ ಕೊಂಡುಕೊಳ್ಳುತ್ತದೆ. ಹಾಳುಬಿದ್ದ ನೆಲಕ್ಕೆ ಬೆಲೆ ಏನೂ ಇರುವುದಿಲ್ಲ. ತೊಳೆದ ಮೇಲೆ ಬೆಲೆ ಎಷ್ಟು ಏರುತ್ತದೋ ಅಷ್ಟನ್ನು ಸರ್ಕಾರ ತಾನು ಕೊಡುವ ಹಣದಲ್ಲಿ ಮುರಿದುಕೊಳ್ಳುತ್ತದೆ."

ಆಹಾ! ಕೂಗಿ ಕರೆಯದ ದೇಶ, ಚೌಕಾಸಿ ಗೊತ್ತಿಲ್ಲದ ಜನ ಎಂದು ಹ್ಯಾರಿಯ ಗೇಟಿನಲ್ಲಿ ನಿಂತು ಅವರನ್ನು ಬೈದಿದ್ದೆನಲ್ಲ, ಇವರು ಚೌಕಾಸಿಯನ್ನು ಅಂಗಡಿಯಲ್ಲಿ ಮಾಡುವುದಿಲ್ಲ, ಕಾನೂನಿನಲ್ಲೇ ಬರೆದಿಟ್ಟುಬಿಟ್ಟಿದ್ದಾರೆ!

ಸಂತೋಷದಲ್ಲಿ ನನ್ನ ಸೈಟಿನ ಕಥೆಯನ್ನೂ ಹೇಳಿದೆ. ಜೇಬಿನಿಂದ ಚೀಲ ತೆಗೆದು ತೋರಿಸಿದೆ. ಪರೀಕ್ಷೆಗಾಗಿ ಮಾತ್ರ ಎಂಬ ಚೀಟಿ ಓದಿ ಆಕೆ ಅದನ್ನು ಸಹಜವಾಗಿ ಕೈಗೆ ತೆಗೆದುಕೊಂಡರು, ನಾನು ಅದಕ್ಕೇ ಬಂದವನೆಂಬಂತೆ. ಬೆಳಕಿಗೆ ಹಿಡಿದು ನೋಡಿದರು. ಮಣ್ಣಿನಲ್ಲಿ ಅಲ್ಲಲ್ಲಿ ಹಳದಿ, ಅಲ್ಲಲ್ಲಿ ಹಸಿರು ಛಾಯೆ. ಅರಿಸಿನದ ಬಟ್ಟೆಯ ಬಣ್ಣ ಹತ್ತಿರಬೇಕೆಂದು ನಾನು ಅಂದುಕೊಂಡಿದ್ದೆ.

"ಆ ಜಾಗದಲ್ಲಿ ಏನು ಬೆಳೆಯುತ್ತದೆ?" ಎಂದು ಕೇಳಿದರು.

"ಏನೂ ಇಲ್ಲ ಮೇಡಂ! ಒಂದು ಎಸಳು ಹುಲ್ಲೂ ಇಲ್ಲ! ಅದಕ್ಕೇ ಅರ್ಧ ಬೆಲೆಗೆ ಸಿಕ್ಕಿತು!" ಎಂದು ಎದೆಯುಬ್ಬಿಸಿ ಹೇಳಿದೆ.

ಆಕೆ ಹಿಂದೆ ತಿರುಗಿ ಬೇಲಿಯ ಮೂಲೆ ನೋಡಿದರು. ನಾನೂ ನೋಡಿದೆ. ಇನ್ನೂ ಅಗೆಯದ ಆ ಮೂಲೆಯ ನೆಲ ಬೋಳಾಗಿತ್ತು, ಮಳೆನೀರು ನಿಂತಲ್ಲಿ ಹಳದಿ. ಮಾಗಡಿ ರಸ್ತೆಯ ಓಣಿಯನ್ನೇ ತಂದು ಅಲ್ಲಿಟ್ಟ ಹಾಗಿತ್ತು.

ಕ್ರೋಮಿನ ತೊಟ್ಟಿಯ ಮುಂದೆ ಜೀವಮಾನ ಕಳೆದವನಿಗೆ ಆ ಬಣ್ಣ ಯಾಕೆ ಗೊತ್ತಾಗಲಿಲ್ಲ ಎಂದು ನೀವು ಕೇಳಬಹುದು. ಕ್ರೋಮಿನ ನೀರು ಹಳದಿ, ನಿಕ್ಕಲ್ಲಿನದು ಹಸಿರು. ಗೊತ್ತಿದ್ದದ್ದಕ್ಕೇ ಗೊತ್ತಾಗಲಿಲ್ಲ. ದಿನವೂ ನೋಡುವ ಬಣ್ಣ, ದಿನವೂ ಮೂಗಿಗೆ ಬರುವ ವಾಸನೆ. ನನಗೆ ಅದು ಮನೆಯ ವಾಸನೆ. ಹುಲ್ಲಿಲ್ಲ ಎಂಬುದನ್ನು ನಂಜಪ್ಪನವರ ಮೇಲೆ ಎಸೆಯುವ ಕಲ್ಲಾಗಿ ಮಾತ್ರ ನೋಡಿದ್ದೆ. ಯಾಕಿಲ್ಲ ಎಂದು ಕೇಳಿಕೊಂಡಿರಲಿಲ್ಲ. ಲೀಲಾ ಟೀಚರು ಕಡ್ಡಿಯಲ್ಲಿ ಗೀರಿಟ್ಟ ಮರಳಿನ ಗುಂಡಿ ಕಣ್ಣಿಗೆ ಬಂತು. ಶಿಶುವಿಹಾರದ ಮಕ್ಕಳು ಮಣ್ಣಿನಲ್ಲಿ ಬರೀ ಆಡುವುದಿಲ್ಲ, ಅದನ್ನು ತಿನ್ನುತ್ತವೆ.

ಬೀಜದ ತಟ್ಟೆಗಳು

ಮಾರ್ಗರೆಟ್ ಅವರ ಕಚೇರಿ ಒಂದು ಮರದ ಗುಡಿಸಲು. ಒಳಗೆ ಗೋಡೆಯುದ್ದಕ್ಕೂ ತಟ್ಟೆಗಳು, ಪ್ರತಿ ತಟ್ಟೆಯಲ್ಲಿ ಬೇರೆ ಬೇರೆ ಜಾಗದ ಮಣ್ಣು, ಅದರಲ್ಲಿ ಬಿತ್ತಿದ ಬೀಜ. ಮಣ್ಣಿನಲ್ಲಿ ಯಾವ ಲೋಹ ಎಷ್ಟಿದೆ ಎಂದು ಲ್ಯಾಬು ಹೇಳುತ್ತದಂತೆ. ಆದರೆ ಅದು ಬರುವುದು ನಿಧಾನ. ಬೀಜ ಬೇಗ ಹೇಳುತ್ತದೆ.

ನನಗೆ ನಗುವೂ ಬಂತು, ಮೈಯೂ ನವಿರೆದ್ದಿತು. "ಮೇಡಂ, ನಮ್ಮೂರಲ್ಲಿ ಜೋಯಿಸರು ಅಂತ ಒಬ್ಬರಿದ್ದಾರೆ, ಸೈಟು ಕೊಳ್ಳುವ ಮುಂಚೆ ಇದನ್ನೇ ಮಾಡಿ ಅಂದರು."

"ಮಾಡಿದಿರಾ?"

"ಇಲ್ಲ. ಚೌಕಾಸಿ ಮಾಡಿ ತಪ್ಪಿಸಿಕೊಂಡೆ."

ಆಕೆ ಜೋರಾಗಿ ನಕ್ಕರು. "ಅವರನ್ನು ಇಲ್ಲಿಗೆ ಕಳಿಸಿ, ನಮ್ಮ ವಿಭಾಗದಲ್ಲಿ ಜನ ಕಡಿಮೆ" ಎಂದರು. ನನ್ನ ಮಣ್ಣಿನಲ್ಲಿ ಸ್ವಲ್ಪ ಲ್ಯಾಬಿಗೆ ಎತ್ತಿಟ್ಟು ಉಳಿದದ್ದನ್ನು ಒಂದು ತಟ್ಟೆಗೆ ಹರಡಿದರು. ಪಕ್ಕದ ತಟ್ಟೆಗೆ ತಮ್ಮ ತೋಟದ ಮಣ್ಣು. ಎರಡಕ್ಕೂ ಮಿಸೆಸ್ ಪಾಮರ್ ಕಿಟಕಿಯಲ್ಲಿದ್ದಂಥದೇ ಬೀಜ ಚೆಲ್ಲಿದರು. ನೀರು ಹಾಕುವ ಕೆಲಸ ನನ್ನದಾಯಿತು.

ಅಂದಿನಿಂದ ನಾನು ಇಂಗ್ಲೆಂಡು ನೋಡಲಿಲ್ಲ, ತಟ್ಟೆ ನೋಡಿದೆ. ಬೆಳಿಗ್ಗೆ ಬಸ್ಸು ಹಿಡಿದು ಗುಡಿಸಲಿಗೆ ಹೋಗುವುದು, ನೀರು ಚಿಮುಕಿಸುವುದು. ಕೆಲಸದವರಿಗೆ ನನ್ನ ಗುರುತಾಯಿತು. "ಇಂಡಿಯಾ ಎದ್ದಿತಾ?" ಎಂದು ಅವರು ಕೇಳುತ್ತಿದ್ದರು. ಮಾರ್ಗರೆಟ್ ಅವರ ತೋಟದ ಮಣ್ಣಿನಲ್ಲಿ ಹಸಿರು ಎದ್ದಿತು. ನನ್ನ ತಟ್ಟೆಯಲ್ಲಿ ಒಂದೆರಡು ಬೀಜ ಬಾಯಿಬಿಟ್ಟವು. ನನಗೆ ಎಷ್ಟು ಖುಷಿಯಾಯಿತೆಂದರೆ ಕೆಲಸದವರಿಗೆಲ್ಲ ಊರಿಂದ ತಂದಿದ್ದ ಚಕ್ಕುಲಿ ಹಂಚಿದೆ. ಮರುದಿನ ಹೋದಾಗ ಆ ಮೊಳಕೆಗಳ ತುದಿ ಕಂದಿ, ಮಣ್ಣಿನ ಮೇಲೆ ಮಲಗಿದ್ದವು. ಯಾರೂ ಇಂಡಿಯಾ ಎದ್ದಿತಾ ಎಂದು ಕೇಳಲಿಲ್ಲ. ಒಬ್ಬ ಕೆಲಸದವನು ತನ್ನ ಫ್ಲಾಸ್ಕಿನ ಟೀಯನ್ನು ನನಗೆ ಬಗ್ಗಿಸಿ ಕೊಟ್ಟ.

ಅಂದು ಬುಧವಾರ. ಶುಕ್ರವಾರ ಗೌರಮ್ಮ ರುಜು ಹಾಕುತ್ತಾಳೆ.

ಅಂಚೆ ಕಚೇರಿ

ಟ್ರಂಕ್ ಕಾಲಿಗೆ ಪ್ರಯತ್ನಿಸಿದೆ. ನಮ್ಮ ರಸ್ತೆಯಲ್ಲಿ ಫೋನಿದ್ದ ಒಂದೇ ಮನೆ ಆ ಕಾರ್ ಷೆಡ್ಡಿನ ಯಜಮಾನರದು. ಲೈನು ಸಿಗಲಿಲ್ಲ. ಸಿಕ್ಕಿದ್ದರೂ ನನ್ನ ಮಾತನ್ನು ಅವರು ಹೇಗೆ ತಲುಪಿಸುತ್ತಿದ್ದರೋ, ಅವರಿಗೆ ಬೇಗ ಜಾಗ ಖಾಲಿಯಾಗಬೇಕಿತ್ತು. ಟೆಲಿಗ್ರಾಂ ಕೊಡಲು ನಿಂತೆ.

ನನ್ನನ್ನು ಬಲ್ಲವರಿಗೆ ನನ್ನ ಟೆಲಿಗ್ರಾಂ ಗೊತ್ತು. ತಲುಪಿದೆ ಎನ್ನುವುದಕ್ಕಿಂತ ಉದ್ದದ್ದನ್ನು ನಾನು ಈವರೆಗೆ ಯಾರಿಗೂ ಕಳಿಸಿದ್ದಿಲ್ಲ. ಅಂದು ಪೆನ್ಸಿಲು ಹಿಡಿದು ಬರೆಯತೊಡಗಿದವನು ಬರೆದೇ ಬರೆದೆ. ರಿಜಿಸ್ಟ್ರಿ ಬೇಡ, ಮಣ್ಣಿನಲ್ಲಿ ವಿಷ, ಮಕ್ಕಳನ್ನು ಅಲ್ಲಿ ಬಿಡಬೇಡಿ, ಮುಂಗಡ ಹೋದರೆ ಹೋಗಲಿ, ನಂಜಪ್ಪ ಏನು ಹೇಳಿದರೂ ಒಪ್ಪಬೇಡ, ಜೋಯಿಸರು ಹೇಳಿದ್ದು ಸರಿ. ಕೌಂಟರಿನ ಹುಡುಗಿ ಪದಗಳನ್ನು ಎಣಿಸುತ್ತಾ ಕರುಣೆಯಿಂದ, "ಕೆಲವನ್ನು ತೆಗೆದುಬಿಡೋಣವೇ?" ಎಂದಳು.

"ಒಂದನ್ನೂ ತೆಗೆಯಬೇಡಿ" ಎಂದೆ. ಈ ಮಾತು ನನ್ನ ಬಾಯಿಂದ ಬಂತೆಂದು ನಮ್ಮ ಮನೆಯವರು ಇಂದಿಗೂ ನಂಬುವುದಿಲ್ಲ.

ಹಿಂತಿರುಗುವ ಮುಂಚೆ ಮಾರ್ಗರೆಟ್ ಲ್ಯಾಬಿನ ಮಾತು ತಿಳಿಸಿದರು: ಕ್ರೋಮು, ನಿಕ್ಕಲ್ಲು, ಎರಡೂ ಮಿತಿಮೀರಿ ಇವೆ. ಬೀಜ ಹೇಳಿದ್ದನ್ನೇ ಲ್ಯಾಬು ದೊಡ್ಡ ಇಂಗ್ಲಿಷಿನಲ್ಲಿ ಹೇಳಿತು. ಹ್ಯಾರಿಯ ಗೋಡೌನಿಗೂ ಹೋದೆ. ಕೊಡೆ ಅಲ್ಲೇ ಗೂಟಕ್ಕೆ ತೂಗುತ್ತಿತ್ತು. ಅವನು ಮೊದಲು ಹೇಳಿದ ಬೆಲೆಯನ್ನೇ ಹೇಳಿದ. ನಾನು ಒಪ್ಪಿಕೊಂಡೆ. ಆದರೆ ತೊಟ್ಟಿಯ ನೀರನ್ನು ಮೋರಿಗೆ ಬಿಡುವ ಮುಂಚೆ ಸುಣ್ಣ ಹಾಕಿ ತಿಳಿಗೊಳಿಸುವ ಹೆಚ್ಚುವರಿ ತೊಟ್ಟಿಯೊಂದು ಮೂಲೆಯಲ್ಲಿ ಬಿದ್ದಿತ್ತು, ಅದನ್ನು ಜೊತೆಗೆ ಕೊಡಬೇಕು ಎಂದೆ. "ಅದನ್ನು ಯಾರೂ ಕೇಳುವುದಿಲ್ಲ, ತಗೊಂಡು ಹೋಗು" ಎಂದ. ನನ್ನ ಕಾರ್ಖಾನೆಯ ಹಿಂದೆಯೂ ಒಂದು ಮೋರಿ ಇದೆ. ಕಸುಬಿನ ಗೆಳೆಯರೇ, ನಿಮ್ಮ ಕಾರ್ಖಾನೆಯ ಹಿಂದೆಯೂ ಇದೆ. ಹೋಗಿ ಅದರ ದಡದಲ್ಲಿ ಹುಲ್ಲಿದೆಯೇ ನೋಡಿ.

ಮತ್ತೆ ರಾಜಾಜಿನಗರ

ಮನೆಯ ಬಾಗಿಲಲ್ಲಿ ಗೌರಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ಮುಟ್ಟಿ ನೋಡಿದಳು.

"ಏನೇ ಅದು?"

"ಅಷ್ಟುದ್ದ ಟೆಲಿಗ್ರಾಂ ಬಂತಲ್ರೀ! ನೀವು ಇಷ್ಟು ದುಡ್ಡು ಸುರಿದಿದೀರಿ ಅಂದ್ರೆ ನಿಮಗೇನೋ ಆಗೋಗಿದೆ, ಬೇರೆ ಯಾರೋ ಕಳಿಸಿದಾರೆ ಅಂತ ಓದೋಕ್ಕೆ ಮುಂಚೇನೇ ಅತ್ತುಬಿಟ್ಟೆ. ಲೀಲಾ ಟೀಚರ್ ಓದಿ ಹೇಳಿದ್ಮೇಲೆ ಸಮಾಧಾನ ಆಯ್ತು."

"ರುಜು?"

"ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ, ಎಲ್ರೆದುರಿಗೇ ಹಾಕಲ್ಲ ಅಂದೆ. ನಂಜಪ್ಪನೋರು ಕೂಗಾಡಿದ್ರು. ಮಣ್ಣು ಅಂದ್ರೆ ಮಣ್ಣೇ ಅಲ್ವಾ ಅಮ್ಮಾ ಅಂದ್ರು. ಹಾಗಾದ್ರೆ ನಿಮ್ಮ ಮೊಮ್ಮಗನ್ನ ಒಂದು ದಿವ್ಸ ಅಲ್ಲಿ ಆಡೋಕ್ಕೆ ಬಿಡಿ ಅಂದೆ. ಕಾಗದ ಮಡಚ್ಕೊಂಡು ಎದ್ದು ಹೋದ್ರು."

ಮುಂಗಡ ಹೋಯಿತು. ಹೋಗಲಿ. ಆದರೆ ಮಕ್ಕಳಿಗೆ ಜಾಗವಿಲ್ಲ ಎಂಬುದು ಹಾಗೆಯೇ ಉಳಿಯಿತು. ಗೌರಮ್ಮ ಹೋಗಿ ಮಾತಾಡಿದ ಮೇಲೆ ಷೆಡ್ಡಿನ ಯಜಮಾನರು ಯುಗಾದಿಯವರೆಗೆ ಕಾರನ್ನು ಹೊರಗೇ ನಿಲ್ಲಿಸಿ ಟಾರ್ಪಾಲು ಹೊದಿಸಲು ಒಪ್ಪಿದರು. ಅಷ್ಟರೊಳಗೆ ಏನಾದರೂ ಆಗಬೇಕು. ಅದೇ ಓಣಿಯಲ್ಲಿ ನಂಜಪ್ಪನವರ ಜಾಗ ಹಾಗೇ ಬಿದ್ದಿರುತ್ತದೆ, ಇನ್ನೊಬ್ಬ ನನ್ನಂಥವನು ಬಂದು ಹುಲ್ಲಿಲ್ಲ ಎಂದು ಚೌಕಾಸಿ ಮಾಡಿ ಕೊಳ್ಳುವವರೆಗೆ.

ಹಾಗಾಗಿ ನಾನು ಇಂಜಿನಿಯರ್ ಸಾಹೇಬರೊಬ್ಬರ ಕಚೇರಿಗೆ ಹೋದೆ. ಊರಿನ ಜಾಗಗಳ ಕಡತ ಅವರ ಮೇಜಿನ ಮೇಲೆ ಓಡಾಡುತ್ತದೆ. ಇಂಗ್ಲೆಂಡಿನಲ್ಲಿ ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ: ಸರ್ಕಾರ ಕೊಳ್ಳಲಿ, ತೊಳೆಯಲಿ, ಮಕ್ಕಳಿಗೆ ಕೊಡಲಿ.

ಅವರು ಕನ್ನಡಕ ತೆಗೆದು ಒರೆಸಿದರು. "ಅಲ್ಲಾ ಸ್ವಾಮಿ, ವಿಜಯನಗರದಲ್ಲಿ ಜನ ನೀರಿಲ್ಲ ಅಂತ ಕೊಡ ಹಿಡ್ಕೊಂಡು ನಿಂತಿದಾರೆ. ನೀವು ಮಣ್ಣಿಗೆ ಸ್ನಾನ ಮಾಡ್ಸಿ ಅಂತೀರಾ? ಇದರ ಖರ್ಚು ಹಾಕೋಕೆ ನಮ್ಮ ಬಜೆಟ್‌ನಲ್ಲಿ ಹೆಡ್ಡೇ ಇಲ್ಲ."

"ಕೆರೆ ಹೂಳೆತ್ತೋದಕ್ಕೆ ಹೆಡ್ ಇದೆಯಾ ಸಾರ್?"

"ಅದಿದೆ."

"ಎತ್ತಿದ ಹೂಳನ್ನ ಎಲ್ಲಿ ಹಾಕ್ತೀರಿ?"

"ಅದೇ ತಲೆನೋವು. ಹಾಕೋಕೆ ಜಾಗ ಇಲ್ಲ."

"ಹೂಳು ಹಾಕೋಕೆ ಒಂದು ಜಾಗ ನಾನು ಕೊಡ್ತೀನಿ. ನೀವು ನಂಜಪ್ಪನೋರ ಜಾಗದ ಮೇಲಿನ ಕೆಟ್ಟ ಮಣ್ಣು ತೆಗೆಸಿ, ಜೇಡಿಮಣ್ಣಿನ ಹಳ್ಳದಲ್ಲಿ ಮುಚ್ಚಿಸಿ, ಆ ಜಾಗಕ್ಕೆ ಹೂಳು ತುಂಬಿಸಿ. ನಂಜಪ್ಪನೋರ ಹತ್ರ ಬೆಲೆ ಮಾತಾಡೋದು ನನಗೆ ಬಿಡಿ. ಸರ್ಕಾರದ ಪರವಾಗಿ ಪುಕ್ಕಟೆ ಮಾತಾಡ್ತೀನಿ, ಅವರೇ ಕೈಯಿಂದ ದುಡ್ಡು ಕೊಟ್ಟು ಹೋಗೋ ಹಾಗೆ ಮಾಡ್ತೀನಿ."

"ಕೆಟ್ಟ ಮಣ್ಣು ಅಂತ ಯಾರು ಹೇಳಿದ್ದು? ಇಂಗ್ಲೆಂಡಿನೋರು ಹೇಳಿದ್ರೆ ನಾನು ಫೈಲಲ್ಲಿ ನೋಟ್ ಹಾಕೋಕಾಗಲ್ಲ."

ಇದಕ್ಕೆ ನಾನು ಸಿದ್ಧನಾಗಿಯೇ ಹೋಗಿದ್ದೆ. ಚೀಲದಿಂದ ಎರಡು ಸಣ್ಣ ಕುಡಿಕೆ ತೆಗೆದು ಅವರ ಮೇಜಿನ ಮೇಲಿಟ್ಟೆ. ಒಂದರಲ್ಲಿ ನಮ್ಮ ಹಿತ್ತಲ ಮಣ್ಣು, ಇನ್ನೊಂದರಲ್ಲಿ ನಂಜಪ್ಪನವರ ಜಾಗದ ಮಣ್ಣು. ಎರಡರಲ್ಲೂ ಜೋಯಿಸರ ಕೈಯಿಂದಲೇ ನವಧಾನ್ಯ ಬಿತ್ತಿಸಿದ್ದೆ. ಈ ಸಲ ಅವರು ಹೇಳಿದ ಶಾಸ್ತ್ರದಲ್ಲಿ ಒಂದಂಶವನ್ನೂ ಕಡಿಮೆ ಮಾಡಿಸಿರಲಿಲ್ಲ.

"ಏನ್ರೀ ಇದು, ಆಫೀಸಲ್ಲಿ ಪೂಜೆ ಶುರು ಮಾಡಿದ್ರಾ?"

"ದಿನಾ ಒಂದು ಲೋಟ ನೀರು ಹಾಕಿ ಸಾರ್. ಎರಡಕ್ಕೂ ಒಂದೇ ಸಮ. ನಾನು ಬರೋ ವಾರ ಬರ್ತೀನಿ."

ಮುಂದಿನ ವಾರ ಹೋದಾಗ ಮೇಜಿನ ಮೇಲೆ ಕುಡಿಕೆಗಳಿರಲಿಲ್ಲ. ಎಸೆದರು, ಮುಗಿಯಿತು ಎಂದುಕೊಂಡೆ. ಸಾಹೇಬರು ಕಿಟಕಿಯ ಕಡೆಗೆ ಕೈ ತೋರಿಸಿದರು. ಬಿಸಿಲಿನಲ್ಲಿ ಎರಡೂ ಪಕ್ಕಪಕ್ಕದಲ್ಲಿದ್ದವು. ಒಂದರಲ್ಲಿ ಹೆಸರು, ಅಲಸಂದೆ, ಭತ್ತ ಎಲ್ಲಾ ಪೈಪೋಟಿ ಮಾಡಿಕೊಂಡು ಎದ್ದಿದ್ದವು. ಇನ್ನೊಂದು ಬೋಳು.

"ನೆರಳಿಗೆ ಹೀಗಾಗಿದೆಯೇನೋ ಅಂತ ಕಿಟಕಿಗಿಟ್ಟೆ" ಎಂದರು ಸಾಹೇಬರು. "ನೀರು ಸಾಲ್ದೇನೋ ಅಂತ ಅದಕ್ಕೆ ಒಂದು ಲೋಟ ಜಾಸ್ತೀನೇ ಹಾಕಿದೆ. ನಿನ್ನೆ ಹೆಬ್ಬೆರಳಲ್ಲಿ ಕೆದಕಿ ನೋಡ್ದೆ. ಕಾಳು ಹಾಗೇ ಕಪ್ಪಗಾಗಿ ಕೂತಿವೆ." ನನ್ನ ಕಡೆ ತಿರುಗಿ ಕೇಳಿದರು: "ಅಲ್ಲಿ ಮಕ್ಕಳು ಅಂದ್ರೆ ಎಷ್ಟು ವಯಸ್ಸಿನೋರು?"

"ಮಣ್ಣು ತಿನ್ನೋ ವಯಸ್ಸಿನೋರು ಸಾರ್."

ಅವರು ಕುರ್ಚಿ ಎಳೆದು ಕೂತರು. ಒಂದು ಬಿಳಿ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದರು.

"ಕೂತ್ಕೊಳ್ಳಿ. ಆ ಜೇಡಿಮಣ್ಣಿನ ಹಳ್ಳ ಅಂದ್ರಲ್ಲ, ಅವರು ಅದನ್ನ ಎಷ್ಟು ಆಳ ತೋಡ್ತಾರೆ?"

ನಾನು ಕೂತೆ. ಮಾರ್ಗರೆಟ್ ಹೇಳಿದ್ದಕ್ಕಿಂತ ಒಂದು ಮೊಳ ಹೆಚ್ಚಾಗಿಯೇ ಹೇಳಿದೆ. ಸರ್ಕಾರದವರು ಹೇಗಿದ್ದರೂ ಸ್ವಲ್ಪ ಇಳಿಸುತ್ತಾರೆ.